ಕಂದಿದ ಹವಳ

ಎದುರುಮನೆ ಅಕ್ಕನ ಬಲಗೈ ಮೊಣಕೈಯವರೆಗೆ ಉಪ್ಪು ಕಟ್ಟಿ ಬೆಳ್ಳಗಿರುತ್ತಿತ್ತು. ಬಾಗಿಲು ತೆರೆದವರೇ ಆ ಕೈಯನ್ನು ಸೆರಗಿಗೆ ತಾಗದಂತೆ ದೂರ ಹಿಡಿದು, "ಬಾ ಮಾರಾಯ್ತಿ, ನಿನ್ನ ಕಣ್ಣಿಗಾದ್ರೂ ಬಣ್ಣ ಕಾಣ್ತದಾ ನೋಡು" ಎಂದು ಗಾಜಿನ ಮೀನಿನ ಟ್ಯಾಂಕಿನ ಮುಂದೆ ಕೂರಿಸುತ್ತಿದ್ದರು.

ಬೊಂಬಾಯಿಯ ಸಯನ್‌ನಲ್ಲಿದ್ದ ನಮ್ಮ ಬಿಲ್ಡಿಂಗಿನಲ್ಲಿ ಮೀನು ಸಾಕಿದವರು ಬೇರೆಯೂ ಇದ್ದರು. ಸಮುದ್ರದ ನೀರು ತುಂಬಿಸಿ, ಕಲ್ಲಿನ ಮೇಲೆ ಜೀವಂತ ಹವಳ ಸಾಕಿದ್ದು ಮಾತ್ರ ಅಕ್ಕನ ಮನೆಯಲ್ಲೇ. ಅದು ಅವರ ಗಂಡನ ಹುಚ್ಚು. ಹಡಗಿನ ಎಂಜಿನಿಯರ್ ಆದ ಅವರು ರಜೆಯಲ್ಲಿ ಅದನ್ನೆಲ್ಲ ಹೂಡಿ, ಹೆಂಡತಿಗೆ ಒಪ್ಪಿಸಿ, ಎಣ್ಣೆ ಹಡಗು ಹತ್ತಿ ಕೊಲ್ಲಿಯ ಕಡೆ ಹೋಗಿದ್ದರು. ಇರಾನ್-ಇರಾಕ್ ಯುದ್ಧದ ಕಾಲ. ಎಣ್ಣೆ ಹಡಗುಗಳ ಮೇಲೂ ಬಾಂಬು ಬೀಳುತ್ತಿತ್ತು. ಅಕ್ಕ ರೇಡಿಯೋ ಸುದ್ದಿಗೆ ಒಂದು ಕಿವಿ ಕೊಟ್ಟುಕೊಂಡೇ ಟ್ಯಾಂಕಿನಲ್ಲಿ ಕೈಯಾಡಿಸುತ್ತಿದ್ದರು.

ಗಂಡ ಹೋಗಿ ಕೆಲವು ತಿಂಗಳಿಗೆ ಟ್ಯಾಂಕಿನ ನೇರಳೆ ಹವಳ ಕಾಫಿ ಚರಟದ ಬಣ್ಣಕ್ಕೆ ತಿರುಗಿತು. ನಾನು ಮೈಸೂರಿನವಳು, ಹವಳವೆಂದರೆ ಸರದಲ್ಲಿ ಪೋಣಿಸುವುದು ಎಂದಷ್ಟೇ ಗೊತ್ತು. "ಹೋದ್ರೆ ಹೋಗ್ಲಿ ಬಿಡಿ ಅಕ್ಕ, ಬಣ್ಣ ತಾನೇ?" ಎಂದುಬಿಟ್ಟೆ. ಅಕ್ಕನ ಮುಖ ಸಣ್ಣದಾಯಿತು. ಕರಿಮಣಿಯ ನಡುವಿನ ಎರಡು ಹವಳಗಳನ್ನು ಬೆರಳಲ್ಲಿ ಹಿಡಿದು ಹೇಳಿದರು: "ಮದುವೆ ದಿನ ಅಮ್ಮ ಹೇಳಿದ್ದುಂಟು, ಹವಳ ಕಂದಿದ್ರೆ ಜಾಗ್ರತೆ ಅಂತ. ಅಲ್ಲಿ ಇವರಿಗೆ ಏನೋ ಆಗ್ತಾ ಉಂಟು."

"ಅದು ಸರದ ಹವಳ, ಇದು ಟ್ಯಾಂಕಿನದು."

"ಎರಡೂ ಕಡಲಿನದ್ದೇ ಅಲ್ವಾ?"

ಮಾತು ಮಾತಿಗೂ 'ಉಂಟು' ಎನ್ನುವ ಅವರನ್ನು ನಾನು ಅಣಕಿಸುವುದಿತ್ತು. ಅಂದು ಅವರ ಜೊತೆ ಕೂತು ರೇಡಿಯೋ ಸುದ್ದಿ ಕೇಳಿದೆ.

ಕಂದಿದ್ದು ಸಾಲದು ಎಂಬಂತೆ ಪೀಡೆಯೂ ಹತ್ತಿತು. ಕಲ್ಲಿನ ಸಂದುಗಳಲ್ಲಿ ಕಂದು ಬಣ್ಣದ ಸಣ್ಣ ಹೂಗಳಂಥ ಜೀವಿಗಳು ಎದ್ದವು. ಬೆರಳು ಸೋಕಿದರೆ ಒಳಗೆ ಸರಿಯುತ್ತಿದ್ದವು, ಪಕ್ಕದ ಹವಳವನ್ನು ಕುಟುಕಿ ಕೊಲ್ಲುತ್ತಿದ್ದವು. ಅಕ್ಕ ಅವಕ್ಕೆ 'ನಾಚಿಕೆಮುಳ್ಳು' ಎಂದು ತಮ್ಮೂರಿನ ಕಳೆಯ ಹೆಸರಿಟ್ಟರು. ಕಳೆಯಂತೆಯೇ ಕಿತ್ತರು ಕೂಡ. ಕಲ್ಲಿಗಂಟಿ ಉಳಿದ ಚೂರುಚೂರೂ ಹೊಸದಾಗಿ ಚಿಗುರಿತು. ಅದನ್ನು ನೋಡಿ ಅಕ್ಕ ಅತ್ತೇಬಿಟ್ಟರು.

ಆಮೇಲೆ ಅವರಿಗೆ ಹೊಳೆದದ್ದು ಎಲೆಯಡಿಕೆಯ ಸುಣ್ಣ. ಊಟವಾದ ಮೇಲೆ ಎಲೆ ಹಾಕದೆ ಏಳುವವರಲ್ಲ ಅವರು. ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಇಂಜೆಕ್ಷನ್ ಸಿರಿಂಜಿಗೆ ತುಂಬಿ, ಒಂದೊಂದೇ ನಾಚಿಕೆಮುಳ್ಳಿನ ಬಾಯಿಗೆ ಹನಿಸಿದರು. "ಜಾಸ್ತಿಯಾದ್ರೆ ನಮ್ಮ ಬಾಯಿಯೇ ಸುಡ್ತದೆ, ಇದರದ್ದು ಬಿಡ್ತದಾ?" ಬಿಡಲಿಲ್ಲ. ಕೆಲವು ವಾರಗಳಲ್ಲಿ ಪೀಡೆ ತೊಲಗಿತು.

ಬಣ್ಣ ಮಾತ್ರ ಬರಲಿಲ್ಲ. ಕ್ರಾಫರ್ಡ್ ಮಾರ್ಕೆಟ್ಟಿನ ಮೀನಿನ ಅಂಗಡಿಯವನು ಕೇಳಿದ ಕೂಡಲೇ "ಟ್ಯೂಬ್ ಪುರಾನಾ ಹೋಗಯಾ, ಬದಲ್ ಡಾಲೋ" ಎಂದ. ಟ್ಯಾಂಕಿನ ಮೇಲೆ ಉರಿಯುವ ಟ್ಯೂಬ್‌ಲೈಟು ಹಳತಾದರೆ ಹವಳ ಕಂದುತ್ತದಂತೆ. ನಾನೇ ಹೊಸದೊಂದನ್ನು ಹೊತ್ತು ತಂದೆ. ಅಕ್ಕ ಅದನ್ನು ಬಿಚ್ಚಲೂ ಇಲ್ಲ, ಬಾಗಿಲ ಹಿಂದೆ ನಿಲ್ಲಿಸಿದರು. "ಇವರು ಹಚ್ಚಿ ಹೋದ ದೀಪ. ಇವರು ಬರದೆ ನಾನು ತೆಗೆಯುವುದಿಲ್ಲ" ಎಂದರು. ದೀಪ 'ಆರಿಸು' ಎನ್ನಲೂ ಹೆದರುವ ಜನ ನಾವು, ಯಾವ ಬಾಯಲ್ಲಿ ವಾದ ಮಾಡಲಿ? ಅಕ್ಕ ಸೊರಗುತ್ತ ಬಂದರು. ಚಿಂತೆಯಿಂದ ಎಂದೇ ಎಲ್ಲರೂ ಅಂದುಕೊಂಡೆವು. "ಇದೊಂದು ಕೊರಳಿಗೆ ಒತ್ತುತ್ತದೆ" ಎಂದು ಕರಿಮಣಿಯನ್ನು ಆಗಾಗ ಪಕ್ಕಕ್ಕೆ ಸರಿಸುತ್ತಿದ್ದರು. "ಚಿನ್ನ ಜಾಸ್ತಿಯಾಯ್ತು, ನನಗೆ ಕೊಡಿ" ಎಂದು ನಾನು ತಮಾಷೆ ಮಾಡಿದೆ.

ಕಡೆಗೂ ಗಂಡ ಬಂದರು, ಒಂದು ಗಾಯವೂ ಇಲ್ಲದೆ. ನಾನು ಅಲ್ಲೇ ಇದ್ದೆ. ಬ್ಯಾಗು ಇಳಿಸಲೂ ಬಿಡದೆ ಅಕ್ಕ ಅವರನ್ನು ಟ್ಯಾಂಕಿನ ಹತ್ತಿರ ಎಳೆದುಕೊಂಡು ಹೋದರು. "ನೋಡಿ, ನಾಚಿಕೆಮುಳ್ಳು ಒಂದೂ ಇಲ್ಲ. ಬಣ್ಣ ಒಂದು..."

ಅವರು ಟ್ಯಾಂಕಿನ ಕಡೆ ನೋಡಲೇ ಇಲ್ಲ. "ಕೊರಳಿಗೆ ಎಂತ ಆಯ್ತು ನಿಂಗೆ?" ಎಂದರು.

ಕರಿಮಣಿಯ ಹವಳದ ಪಕ್ಕದಲ್ಲೇ ಅಡಿಕೆ ಗಾತ್ರದ ಗಂಟು. ದಿನಾ ಎದುರು ಕೂತು ಕಾಫಿ ಕುಡಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಗಂಟು ಒಳಗೆಲ್ಲ ಹಬ್ಬಿತ್ತು. ನಾನು ನೋಡಲು ಹೋದ ದಿನ ಅಕ್ಕನ ಕೊರಳು ಬರಿದಾಗಿತ್ತು. ಕರಿಮಣಿಯನ್ನು ನರ್ಸ್ ತೆಗೆಸಿದ್ದರು. ಅಕ್ಕ ನಕ್ಕರು. "ಅಮ್ಮ ಜಾಗ್ರತೆ ಅಂದದ್ದು ಹಾಕಿಕೊಂಡವಳಿಗೆ ಮಾರಾಯ್ತಿ. ಯಾರಿಗೆ ಅಂತ ನಾನು ಕೇಳಲೇ ಇಲ್ಲ, ಗಂಡನಿಗೆ ಅಂತ ತಿಳಿದೆ." ನನಗೆ ನಗು ಬರಲಿಲ್ಲ. ಅವರು ನನ್ನ ಗಲ್ಲ ಹಿಡಿದೆತ್ತಿ, ಮಾಂಗಲ್ಯದ ಸರದ ಕೆಳಗೆ ಬೆರಳಾಡಿಸಿ ನೋಡಿದರು. ಎಷ್ಟೋ ಹೊತ್ತಿನ ಮೇಲೆ "ನಿಂದು ಸರಿ ಉಂಟು" ಎಂದರು.

ಮಳೆಗಾಲ ಮುಗಿಯುವ ಮೊದಲೇ ಅಕ್ಕ ಹೋದರು. ಆಮೇಲೊಂದು ದಿನ ಅವರ ಗಂಡ ಬಾಗಿಲ ಹಿಂದಿದ್ದ ಆ ಟ್ಯೂಬನ್ನು ಹಾಕಿದರು. ಹವಳಕ್ಕೆ ನಿಧಾನವಾಗಿ ನೇರಳೆ ಬಣ್ಣ ಮರಳಿತು. ಅದನ್ನು ನೋಡಿ ನನಗೆ ಸಿಟ್ಟೇ ಬಂತು. ಮತ್ತೆ ಆ ಟ್ಯಾಂಕಿನ ಮುಂದೆ ಕೂರಲು ನನ್ನಿಂದಾಗಲಿಲ್ಲ.

ಈಗಲೂ ಸ್ನಾನ ಮುಗಿಸಿ ಕನ್ನಡಿಯ ಮುಂದೆ ನಿಂತಾಗ ಸರವನ್ನು ಸರಿಸಿ ಕೊರಳ ಸುತ್ತ ಬೆರಳಾಡಿಸುತ್ತೇನೆ. ಮೈಸೂರಿನ ನನ್ನ ಬಾಯಿಂದ ಅವರ ಮಾತೇ ಬರುತ್ತದೆ: "ಸರಿ ಉಂಟು."