ತಿರುಮಣಿಯ ಎಂಟು ಬಾಡಿಗೆ ಮನೆಗಳು

ಪಾವಗಡದಲ್ಲಿ ಸೋಲಾರ್ ಪಾರ್ಕಿನ ಕಾಮಗಾರಿ ಜೋರಾಗಿದ್ದ ವರ್ಷಗಳಲ್ಲಿ ನಾನು ಮಧುಗಿರಿಯಲ್ಲಿ ಒಂದು ಬ್ಯಾಂಕಿಗೆ ವ್ಯಾಲ್ಯೂಯರ್ ಆಗಿದ್ದೆ. ಯಾರಾದರೂ ಕಟ್ಟಡದ ಮೇಲೆ ಸಾಲ ಕೇಳಿದರೆ ಅದರ ಬೆಲೆ ಎಷ್ಟು, ಅದರಿಂದ ಬರುವ ಬಾಡಿಗೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ನೋಡಿ ರಿಪೋರ್ಟ್ ಕೊಡುವುದು ನನ್ನ ಕೆಲಸ. ಸಾಲ ಕೊಡುವುದು ಬಿಡುವುದು ಹೆಚ್ಚುಕಡಿಮೆ ಆ ರಿಪೋರ್ಟಿನ ಮೇಲೆಯೇ.

ಒಂದು ಬೆಳಿಗ್ಗೆ ಪಾರ್ಕಿನ ಪಕ್ಕದ ಊರು ತಿರುಮಣಿಯ ಫೈಲ್ ಬಂತು. ಅರ್ಜಿದಾರ ಈರಣ್ಣ, ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಎಸ್ಸೆಸ್ಸೆಲ್ಸಿ ಫೇಲಾಗಿ ಅಪ್ಪನ ಕುರಿಗಳ ಹಿಂದೆ ಹೋಗಿದ್ದ. ಈಗ ಜಮೀನನ್ನು ಪಾರ್ಕಿಗೆ ಗುತ್ತಿಗೆ ಕೊಟ್ಟು, ಕುರಿ ಮಾರಿ, ರಸ್ತೆ ಬದಿಯ ಸೈಟಿನಲ್ಲಿ ಎಂಟು ಬಾಡಿಗೆ ಮನೆ ಕಟ್ಟಿದ್ದ. ಮೇಲೆ ಇನ್ನೂ ಎಂಟು ಕಟ್ಟಲು ಸಾಲ ಬೇಕಾಗಿತ್ತು. ಇಂಜಿನಿಯರಿಂಗ್ ಓದಿದ ನಾನು ಐವತ್ತರ ಹತ್ತಿರ ಬಂದರೂ ಬಾಡಿಗೆ ಮನೆಯಲ್ಲೇ ಇದ್ದೆ. ಬೆಲೆ ಬೀಳಲಿ, ಆಗ ಕೊಳ್ಳೋಣ ಎಂದು ಕಾಯುತ್ತಲೇ ಹದಿನೈದು ವರ್ಷ ಕಳೆದಿದ್ದೆ.

ಕಟ್ಟಡ ನೋಡಲು ಹೋದಾಗ ಈರಣ್ಣ ಒಂದೊಂದೇ ಬಾಗಿಲು ತೆಗೆದು ತೋರಿಸಿದ. ಗೋಡೆ ನೆಟ್ಟಗಿತ್ತು, ಪಾಯ ಗಟ್ಟಿಯಾಗಿತ್ತು. ತಪ್ಪು ಹುಡುಕುತ್ತಾ ಹೋದೆ, ಸಿಗಲಿಲ್ಲ. ಹೊಟ್ಟೆ ಇನ್ನಷ್ಟು ಉರಿಯಿತು.

"ಒಂದ್ ತಿಂಗ್ಳೂ ಖಾಲಿ ಬಿದ್ದಿಲ್ಲ ಕಣ್ಲಾ. ಕೆಲ್ಸ ಮುಗುದ್ರೆ ಜನ ಹೋಗ್ಬುಡ್ತಾರೇನೋ ಅಂತ ಒಂದು ಭಯ ಅಷ್ಟೇ. ನೀನೇನಂತೀಯ?" ಎಂದ.

"ನೋಡೋಣ" ಎಂದು ಬೈಕ್ ಹತ್ತಿದೆ.

ಐದು ಮನೆಗಳಲ್ಲಿ ಕಾಮಗಾರಿಗೆ ಬಂದ ಕೆಲಸಗಾರರಿದ್ದರು. ಉಳಿದ ಮೂರರಲ್ಲಿ ಒಬ್ಬರು ಟೀಚರ್, ಇಬ್ಬರು ಪಾರ್ಕಿನ ಕಾಯಂ ನೌಕರರು. ಆ ಮೂವರು ಬೇಗ ಬಿಟ್ಟು ಹೋಗುವವರಲ್ಲ. ಆದರೆ ರಿಪೋರ್ಟಿನಲ್ಲಿ, ಎಂಟೂ ಮನೆಯವರು ತಾತ್ಕಾಲಿಕ ಕೆಲಸಗಾರರು, ಕಾಮಗಾರಿ ಮುಗಿದ ಕೂಡಲೇ ಬಾಡಿಗೆ ಕುಸಿಯುತ್ತದೆ ಎಂದು ನಾನು ಬರೆದೆ. ಬರೆಯುವಾಗ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಸಾಲ ಸಿಗಲಿಲ್ಲ.

ಎರಡು ವರ್ಷದಲ್ಲಿ ಕಾಮಗಾರಿ ಮುಗಿಯಿತು. ಈರಣ್ಣನ ಐದು ಮನೆ ಖಾಲಿಯಾದವಂತೆ ಎಂದು ಕೇಳಿ, ಅದನ್ನು ಕಣ್ಣಾರೆ ನೋಡಬೇಕೆಂದೇ ಹೋದೆ. ಅವನು ಬಂದು ನನ್ನ ಕೈ ಹಿಡಿದುಕೊಂಡ.

"ನೀನು ಅವತ್ತು ತಡೀದಿದ್ರೆ ಮೇಲಿನ ಎಂಟೂ ಖಾಲಿ ಬಿದ್ದಿರೋವು. ಇರೋ ಮನೇನೂ ಬ್ಯಾಂಕ್ನೋರ ಪಾಲಾಗ್ತಿತ್ತು. ಬದುಕಿಸ್ಬುಟ್ಟೆ ಕಣ್ಲಾ."

ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ಹೊಟ್ಟೆಕಿಚ್ಚಿಗೆ ಬರೆದೆ ಈರಣ್ಣ. ಆ ಮೂರು ಮನೆಯವರ ವಿಷಯ ಬೇಕಂತಲೇ ಬಿಟ್ಟೆ" ಎಂದೆ.

ಅವನು ಕೈ ಬಿಟ್ಟ. ಮುಚ್ಚಿದ ಬಾಗಿಲುಗಳ ಕಡೆ ತಿರುಗಿ ಹೇಳಿದ:

"ನಂಗೆ ಒಳ್ಳೇದೇ ಆಯ್ತು, ಅದು ಬುಡು. ಇನ್ನೊಬ್ನಿಗೆ ಇಂಗೇ ಬರ್ದು ಅವ್ನು ಕೆಟ್ಟೋದ್ರೆ? ಹೋಗಿ ಬ್ಯಾಂಕಲ್ಲಿ ಹೇಳು."

ಹೇಳಿದೆ. ಮ್ಯಾನೇಜರ್ ಆರು ತಿಂಗಳು ನನಗೆ ಒಂದು ಫೈಲೂ ಕೊಡಲಿಲ್ಲ. ಅಂದಿನಿಂದ ಪರಿಚಯದವರ ಅರ್ಜಿ ಬಂದರೆ ಮೊದಲೇ ತಿಳಿಸಿ, ಬೇರೆ ವ್ಯಾಲ್ಯೂಯರ್‌ಗೆ ಬಿಟ್ಟುಕೊಡುತ್ತೇನೆ. ಹೆಚ್ಚುಕಡಿಮೆ ನಾನು ಬರೆದಂತೆಯೇ ಮುಂದೆ ನಡೆದರೂ ಆ ರಿಪೋರ್ಟ್ ಸುಳ್ಳೇ ಆಗಿತ್ತು ಎಂಬುದನ್ನು ಈರಣ್ಣನ ಫೈಲ್ ನನಗೆ ಕಲಿಸಿತು. ಈಗ ಈರಣ್ಣನ ಮನೆಗಳಿಗೆ ಮತ್ತೆ ಜನ ಬಂದಿದ್ದಾರೆ. ಆ ರಸ್ತೆಯಲ್ಲಿ ಹೋದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.