ಹಸಿವಿನ ಟಾನಿಕ್ಕು

ನಮ್ಮ ರಾಯದುರ್ಗದ ಕಡೆ ಎದುರಿಗೆ ಸಿಕ್ಕವರು ಮೊದಲು ಕೇಳುವುದು "ಊಟ ಆತೇನ್ರಿ" ಎಂದು. ಅದಕ್ಕೆ ಇರುವ ಉತ್ತರ ಒಂದೇ, "ಆತ್ರಿ". ಬೆಳಗಿನಿಂದ ಬರೀ ನೀರು ಕುಡಿದಿದ್ದರೂ ಆತ್ರಿ. ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಕೇಳಿದವರೇನೂ ನಮಗೆ ಬಡಿಸಲು ಬಂದಿರುವುದಿಲ್ಲ. ಇನ್ನು ಮಗು ಚೆನ್ನಾಗಿ ತಿನ್ನುತ್ತದೆಯೇ ಎಂದು ಕೇಳಿದರೆ "ಎಲ್ಲಿ ತಿಂತೈತ್ರಿ, ಏನೂ ತಿನ್ನಂಗಿಲ್ಲ" ಎನ್ನಬೇಕು. ತಿನ್ನುತ್ತದೆ ಎಂದರೆ ದೃಷ್ಟಿ ಬೀಳುತ್ತದೆ. ಮನೆಯದನ್ನು ಹೆಚ್ಚಿಗೆ ಹೇಳು, ಮಗುವಿನದನ್ನು ಕಡಿಮೆ ಹೇಳು. ನನ್ನ ಅವ್ವ ಕಲಿಸಿದ್ದು ಇದು. ಸ್ಕೂಲಿನವರು ಕಲಿಸಿದ್ದು ಅಕ್ಷರ, ಅದೂ ಅರ್ಧಕ್ಕೆ ನಿಂತಿತು. ಅವ್ವ ಕಲಿಸಿದ್ದು ಪೂರ್ತಿ ಉಳಿಯಿತು.

ಈ ಎರಡೂ ಮಾತನ್ನು ಒಂದೇ ದಿನ ಮಕ್ಕಳ ಡಾಕ್ಟರಮ್ಮನ ಮುಂದೆ ಹೇಳಿಬಿಟ್ಟೆ.

ಮೊದಲು ಮನೆಯ ವಿಷಯ. ಮಗಳನ್ನು ಮಡಕಶಿರಾ ಕಡೆ, ಹೇಮಾವತಿಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೆ. ಬಾಣಂತನಕ್ಕೆ ಕರೆದುಕೊಂಡು ಬಂದೆ. ಬಂದವಳು ಇಲ್ಲಿಯೇ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸ ಹಿಡಿದು ಉಳಿದುಬಿಟ್ಟಳು. ಅಳಿಯ ಬೋರ್‌ವೆಲ್ ಲಾರಿಯ ಮೇಲೆ ಊರೂರು ತಿರುಗುತ್ತಾನೆ. ನೆಲದೊಳಗೆ ನೀರು ಎಲ್ಲಿದೆ ಎಂದು ಅವನಿಗೆ ಗೊತ್ತಾಗುತ್ತದೆ, ಹೆಂಡತಿ ಎಲ್ಲಿದ್ದಾಳೆ ಎನ್ನುವುದು ಮಾತ್ರ ಆಗಾಗ ಮರೆಯುತ್ತದೆ. ಮಗಳನ್ನು ಕರೆತರುವ ದಿನ ಬೀಗತಿ, ಅಂದರೆ ಅಳಿಯನ ತಾಯಿ, ಬಾಗಿಲಲ್ಲಿ ನಿಂತು, "ಇವ್ಳ ಪಾಲಿನ್ ರೇಷನ್ ಅಕ್ಕಿ ತಗಂಡೋಗಿ ಬೀಗ್ತಿ, ಕಾರ್ಡು ನಮ್ತಾವೇ ಐತೆ" ಎಂದಳು.

"ನಮ್ಮ ಮನ್ಯಾಗ ಅಕ್ಕಿಗೇನು ಬರ ಬಂದೈತೇನ್ರಿ?" ಎಂದೆ ನಾನು. ಬೀಗರ ಮುಂದೆ ಇನ್ನೇನು ಹೇಳುತ್ತಾರೆ.

ಹೊಲಿಯುವ ಕೆಲಸ ಹೇಗೆಂದರೆ, ಬಂದರೆ ತಲೆ ಎತ್ತಲು ಬಿಡುವಿಲ್ಲ, ಬರದಿದ್ದರೆ ಮಿಷನ್ನಿನ ಮೇಲೆ ಬೆಕ್ಕು ಮಲಗುತ್ತದೆ. ಆ ವರ್ಷ ಬೆಕ್ಕು ಚೆನ್ನಾಗಿ ನಿದ್ದೆ ಮಾಡಿತು. ನನ್ನ ಒಬ್ಬಳ ಕಾರ್ಡಿನ ಅಕ್ಕಿಯಲ್ಲಿ ಮೂರು ಹೊಟ್ಟೆ. ಅನ್ನ ಗಂಜಿಯಾಯಿತು, ಗಂಜಿ ತಿಳಿಯಾಯಿತು. ಮೊಮ್ಮಗಳಿಗೆ ನಡೆಯುವ ವಯಸ್ಸು ದಾಟುತ್ತಿತ್ತು. ಗೋಡೆ ಹಿಡಿದು ನಿಲ್ಲುತ್ತಿದ್ದಳು, ಒಂದು ಗಳಿಗೆಗೆ ಮೊಣಕಾಲು ನಡುಗಿ ಕೂತುಬಿಡುತ್ತಿದ್ದಳು. ಕೂಸಿಗೆ ಕಾಲೇ ಬರುವುದಿಲ್ಲವೇನೋ ಎಂದು ಮಗಳು ಅಳುತ್ತಿದ್ದಳು. ನನಗೂ ಅದೇ ಭಯ. ಇಬ್ಬರೂ ಅತ್ತರೆ ಕೂಸನ್ನು ಎತ್ತಿಕೊಳ್ಳುವವರು ಯಾರು ಎಂದು ಸುಮ್ಮನಿದ್ದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ತೆಲುಗಿನವಳು. ನನ್ನನ್ನು "ಅವ್ವಾ" ಎಂದಳು. ತೆಲುಗಿನಲ್ಲಿ ಹಾಗೆಂದರೆ ಅಜ್ಜಿ, ನಮ್ಮಲ್ಲಿ ತಾಯಿ. ನಾನು ನನಗೆ ಹಿಡಿಸಿದ್ದನ್ನು ಇಟ್ಟುಕೊಂಡೆ.

"ಅವ್ವಾ, ಪಾಪ ಬಾಗಾ ತಿಂತಾಳಾ?" ಎಂದಳು, ಕೂಸು ಚೆನ್ನಾಗಿ ತಿನ್ನುತ್ತದೆಯೇ ಎಂದು.

"ಎಲ್ಲಿ ತಿಂತಾಳ್ರಿ, ಏನೂ ತಿನ್ನಂಗಿಲ್ಲ."

"ಮನೇಲಿ ಅಕ್ಕಿ, ಬೇಳೆ, ಮೊಟ್ಟೆ ಎಲ್ಲಾ ಇದೆಯಾ?"

"ಮನಿ ತುಂಬ ಐತ್ರಿ."

ಮಗಳು ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ನಾನು ಬಿಡಿಸಿಕೊಂಡೆ.

ಡಾಕ್ಟರಮ್ಮನ ತಪ್ಪೇನಿದೆ. ಮನೆ ತುಂಬ ತಿನ್ನಲು ಇದೆಯಂತೆ, ಕೂಸು ಮಾತ್ರ ಮುಟ್ಟುವುದಿಲ್ಲವಂತೆ. ಕಾಲು ಒತ್ತಿ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ತೂಕ ಹಾಕಿದಳು, ರಕ್ತ ಪರೀಕ್ಷೆ ಮಾಡಿಸಿದಳು. ಆಮೇಲೆ ಹಸಿವು ಹುಟ್ಟಿಸುವ ಟಾನಿಕ್ಕು ಕೊಟ್ಟು ಕಳಿಸಿದಳು.

ಟಾನಿಕ್ಕನ್ನು ಬಯ್ಯುವ ಹಾಗಿಲ್ಲ, ಬಲು ಚುರುಕಾಗಿತ್ತು. ಕೂಸು ಗಂಜಿ ಕುಡಿದು ತಟ್ಟೆ ನೆಕ್ಕಿ, ಅದೇ ತಟ್ಟೆಯಿಂದ ನೆಲ ಬಡಿಯಲು ಶುರು ಮಾಡಿತು. ಪಕ್ಕದ ಮನೆಯವಳು ರೊಟ್ಟಿ ತಟ್ಟುವ ಸಪ್ಪಳ ಕೇಳಿದರೆ ಸಾಕು, ಅಂಬೆಗಾಲಿನಲ್ಲೇ ನಮ್ಮ ಹೊಸ್ತಿಲು ದಾಟಿ ಅವಳ ಒಲೆಯ ಮುಂದೆ ಹಾಜರು.

"ಯಾಕ, ಕೂಸಿಗೆ ಉಣಿಸಿಲ್ಲೇನ್ ಬೇ?" ಎಂದಳು ಅವಳು.

"ಈಗಷ್ಟ ಉಣಿಸೀನಿ. ಅದಕ್ಕ ಹಸಿವಿಲ್ಲ, ನಿನ್ನ ಮ್ಯಾಲ ಪ್ರೀತಿ," ಎಂದೆ.

ಆ ಪ್ರೀತಿ ದಿನಾ ಬೆಳೆಯುತ್ತಾ ಹೋಯಿತು. ಕೊನೆಗೆ ನಾನೇ ಬಾಟಲಿ ಎತ್ತಿಕೊಂಡು, ಮಗಳ ಕಂಕುಳಿಗೆ ಕೂಸನ್ನು ಏರಿಸಿ, ಆಸ್ಪತ್ರೆಗೆ ವಾಪಸು ನಡೆದೆ.

"ಡಾಕ್ಟರಮ್ಮ, ಈ ಹಸಿವಾಗೋ ಔಷಧಿ ನೀವ ಇಟ್ಕೊಳ್ರಿ. ಹಸಿವು ನಿಲ್ಲೋದು ಇದ್ರ ಒಂದು ಕೊಡ್ರಿ."

ಅವಳು ನಕ್ಕಳು. ನಗುತ್ತಾ ನಗುತ್ತಾ ನಿಲ್ಲಿಸಿ ನನ್ನ ಮುಖ ನೋಡಿದಳು. ಅಂಥದ್ದು ಯಾಕೆ ಬೇಕು ಎಂದು ಕೇಳಲಿಲ್ಲ. ಮನೆಯಲ್ಲಿ ಏನಿದೆ ಎಂದೂ ಮತ್ತೆ ಕೇಳಲಿಲ್ಲ. ಜಾಣೆ.

"ಅವ್ವಾ, ನಿನ್ನೆ ಏನು ಸಾರು ಮಾಡಿದ್ರಿ?" ಎಂದಳು.

ಊಟ ಆಯಿತೇ ಎಂದರೆ ಆಯಿತು ಎನ್ನುವುದಕ್ಕೆ ನಾಲಿಗೆ ತಯಾರಿರುತ್ತದೆ. ಏನು ಸಾರು ಎಂದರೆ ಯಾವುದಾದರೂ ಒಂದು ಸಾರು ಹುಡುಕಬೇಕು. ನಾನು "ಬದನಿಕಾಯಿ" ಎಂದೆ. ಅದೇ ಉಸಿರಿಗೆ ಮಗಳು "ಬ್ಯಾಳಿ" ಎಂದಳು. ಕೂಸು ನಮ್ಮಿಬ್ಬರ ಮುಖವನ್ನೂ ನೋಡಿತು.

"ಎರಡೂ ಹಾಕಿದ್ರೆ ಒಳ್ಳೇ ಸಾರೇ," ಎಂದಳು ಡಾಕ್ಟರಮ್ಮ. "ಇತ್ತಾ?"

"ಎರಡೂ ಇರ್ಲಿಲ್ರಿ," ಎಂದಳು ಮಗಳು.

ಕೂಸಿನ ಕಾಲಿಗೆ ರೋಗವಿಲ್ಲ, ಊರಲು ಶಕ್ತಿ ಇಲ್ಲ ಎಂದು ಆಮೇಲೆ ಹೇಳಿದಳು. ಹೊಟ್ಟೆಗೆ ಸರಿಯಾಗಿ ಬಿದ್ದರೆ ನಡೆಯುತ್ತಾಳೆ, ತಡ ಮಾಡಬೇಡಿ ಎಂದಳು. ಆ ಮಾತಿಗೆ ಮಗಳು ಅತ್ತಳು. ನಾನು ಗೋಡೆಯ ಮೇಲಿನ ಚಿತ್ರದ ದಪ್ಪ ಮಗುವನ್ನು ನೋಡುತ್ತಾ ನಿಂತೆ. ಅದಕ್ಕೆ ಯಾರೂ ದೃಷ್ಟಿ ತೆಗೆದ ಹಾಗೆ ಕಾಣಲಿಲ್ಲ.

"ಅಂಗನವಾಡಿಗೆ ಯಾಕೆ ಕಳಿಸಿಲ್ಲ?"

"ಕೂಸಿನ ಹೆಸರು ಮಡಕಶಿರಾ ಕಡೆ ಐತ್ರಿ. ಇಲ್ಲಿ ಕೊಡಂಗಿಲ್ಲ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ನಾನ ಅಂದ್ಕೊಂಡೆ."

ಡಾಕ್ಟರಮ್ಮ ಹಣೆ ಒರೆಸಿಕೊಂಡು, ನಮ್ಮ ಓಣಿಯ ಅಂಗನವಾಡಿ ಟೀಚರಿಗೆ ಫೋನು ಹಚ್ಚಿದಳು. ಮರುದಿನದಿಂದಲೇ ಮೊಟ್ಟೆ, ಹಾಲು, ಕೂಸುಗಳಿಗೆ ಕಲಸಿ ಕೊಡುವ ಬಾಲಾಮೃತದ ಪುಡಿ. ಅಷ್ಟು ಸಲೀಸು. ಅಕ್ಕಿ ಮಾತ್ರ ಸಲೀಸಿರಲಿಲ್ಲ. ಮಗಳ ಹೆಸರೂ ಕೂಸಿನ ಹೆಸರೂ ಬೀಗತಿಯ ಕಾರ್ಡಿನಲ್ಲಿದ್ದವು. ಬೇರೆ ಮಾಡಿಸಬೇಕೆಂದರೆ ಆ ಊರಿನ ಸಚಿವಾಲಯದಲ್ಲಿ, ಅಂದರೆ ನಮ್ಮ ಆಂಧ್ರದ ಹಳ್ಳಿಗಳಲ್ಲಿರುವ ಸರ್ಕಾರಿ ಆಫೀಸಿನಲ್ಲಿ, ಬೀಗತಿ ಹೆಬ್ಬೆಟ್ಟು ಒತ್ತಬೇಕಂತೆ.

"ಅದಕ್ಕೇನೂ ಔಷಧಿ ಇಲ್ಲೇನ್ರಿ?" ಎಂದೆ.

"ಇಲ್ಲ ಅವ್ವಾ. ಬಸ್ಸು ಇದೆ."

ಬಸ್ಸು ಇತ್ತು, ಹೌದು. ಕಲ್ಯಾಣದುರ್ಗದಲ್ಲಿ ಇಳಿದು ಇನ್ನೊಂದು ಹತ್ತಿದೆ. ದಾರಿಯುದ್ದಕ್ಕೂ ಬೀಗತಿಗೆ ಏನು ಹೇಳಬೇಕೆಂದು ಜೋಡಿಸುತ್ತಾ ಹೋದೆ. ಡಾಕ್ಟರು ಹೇಳಿದ್ದಾರೆ ಎನ್ನಲೇ, ಸರ್ಕಾರದವರು ಕೇಳುತ್ತಿದ್ದಾರೆ ಎನ್ನಲೇ, ಕಾರ್ಡಿನಲ್ಲಿ ಏನೋ ತಿದ್ದುಪಡಿ ಬಂದಿದೆ ಎನ್ನಲೇ. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಯಾವುದರಲ್ಲೂ ನಮ್ಮ ಮನೆಯ ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯುವ ಪ್ರಸಂಗ ಇರಲಿಲ್ಲ.

ಬೀಗತಿ ಪಡಸಾಲೆಯಲ್ಲಿ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ಹುಳಗಳು ಮಳೆ ಬಂದ ಹಾಗೆ ಸದ್ದು ಮಾಡುತ್ತಾ ತಿನ್ನುತ್ತಿದ್ದವು. ಅವಕ್ಕೆ ಟಾನಿಕ್ಕಿನ ಗೊಡವೆ ಇರಲಿಲ್ಲ.

"ಬನ್ನಿ ಬೀಗ್ತಿ, ಕುಂತ್ಕಳಿ. ಉಂಡ್ರಾ?" ಎಂದಳು, ತಲೆ ಎತ್ತದೆ.

ಹುಳಗಳ ಸದ್ದು ಕೇಳುತ್ತಾ ಕೇಳುತ್ತಾ ನನಗೆ ಆ ತಟ್ಟೆ ಬಡಿಯುವ ಸದ್ದು ನೆನಪಾಯಿತು. ಜೋಡಿಸಿಕೊಂಡು ಬಂದದ್ದೆಲ್ಲ ಹೋಯಿತು.

"ಇಲ್ರಿ. ಉಂಡಿಲ್ಲ," ಎಂದೆ.

ಅವಳ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. "ಏನಂದ್ರಿ?"

"ಉಂಡಿಲ್ಲ ಅಂದೆ. ಮನ್ಯಾಗ ಅಕ್ಕಿ ಸಾಲವಲ್ದು. ಕೂಸು ಇನ್ನೂ ಕಾಲು ಊರವಲ್ದು. ಕಾರ್ಡು ಬ್ಯಾರೆ ಮಾಡ್ಸಾಕ ನಿಮ್ಮ ಹೆಬ್ಬೆಟ್ಟು ಬೇಕಂತ."

ಬೀಗತಿ ಸೊಪ್ಪನ್ನು ಬುಟ್ಟಿಗೆ ಹಾಕಿ ಹೆಬ್ಬೆಟ್ಟು ಎತ್ತಿ ತೋರಿಸಿದಳು. "ಹೆಬ್ಬೆಟ್ಟು ಕುಯ್ಕಂಡು ಹೋಗ್ತೀರಾ?"

"ಕೈ ಸಮೇತ ಬಂದ್ರೂ ನಡೀತೈತ್ರಿ."

ಎದ್ದು ಕೈ ತೊಳೆದು, ಮುದ್ದೆ ತಂದು ನನ್ನ ಮುಂದಿಟ್ಟಳು. ನಾನು ತುತ್ತು ಮುರಿಯುವ ತನಕ ಕಾದು ಶುರು ಮಾಡಿದಳು.

"ಅಕ್ಕಿಗೇನ್ ಬರ ಬಂದೈತಾ ಅಂದಿದ್ರಿ."

"ಅಂದಿದ್ದೆ."

"ಆ ಅಕ್ಕೀಲಿ ನಾವು ದೋಸೆ ಹುಯ್ಕಂಡು ತಿಂದ್ವಿ. ಬಲೇ ಚೆಂದಾಗಿದ್ವು."

"ಇಟ್ಟಿದ್ರ ಹುಳ ಬೀಳ್ತಿದ್ವು ಬಿಡ್ರಿ."

"ಕೂಸು ಕಾಲೂರ್ತಿಲ್ಲ ಅಂತ ಮೊದ್ಲೇ ಒಂದ್ ಮಾತು ಹೇಳೋಕೇನಾಗಿತ್ತು ನಿಮ್ಗೆ?"

"ನೀವು ಫೋನಿನಾಗ ಊಟ ಆಯ್ತಾ ಅಂತ ಕೇಳ್ತಿದ್ರಿ. ನಾ ಆತು ಅಂತಿದ್ದೆ. ಅಲ್ಲಿಗೆ ಮಾತು ಮುಗೀತಿತ್ತು."

ಅದಕ್ಕೆ ಅವಳು ಇನ್ನೊಂದು ಮುದ್ದೆ ಹಾಕಿದಳು. ಬೇಡವೆಂದರೂ ಕೇಳಲಿಲ್ಲ. ಬೀಗತಿಯ ಸೇಡು ಮುದ್ದೆಯ ರೂಪದಲ್ಲಿ ಬಂದರೆ ತಿನ್ನಲೇಬೇಕು.

ಸಚಿವಾಲಯದಲ್ಲಿ ಅವಳ ಹೆಬ್ಬೆಟ್ಟನ್ನು ಮಿಷನ್ನು ಒಪ್ಪಲಿಲ್ಲ. ಸೊಪ್ಪು ಕೊಯ್ದು ಕೊಯ್ದು ಗೆರೆಗಳೆಲ್ಲ ಸವೆದಿದ್ದವು. ಒತ್ತಿದಾಗಲೆಲ್ಲ ಕೆಂಪು ದೀಪ. ಬೀಗತಿ ಬೆರಳನ್ನು ಸೀರೆಗೆ ಒರೆಸಿದಳು, ತಲೆಯ ಎಣ್ಣೆಗೆ ತಿಕ್ಕಿದಳು. "ನನ್ ಮೊಮ್ಮಗ್ಳ ಅನ್ನ ಐತೆ ಕಣೋ, ತಗಳಪ್ಪಾ" ಎಂದು ಮಿಷನ್ನಿಗೆ ಗದರಿ ಬಲವಾಗಿ ಒತ್ತಿದಳು. ಹಸಿರು ದೀಪ ಬಂತು. ಗದರಿದ್ದಕ್ಕೋ ಎಣ್ಣೆಗೋ ಗೊತ್ತಿಲ್ಲ. ಬರುವಾಗ ಒಂದು ಚೀಲ ರಾಗಿ, ಅದರ ಮೇಲೆ ಕಡಲೆಕಾಯಿ ಹೊರಿಸಿದಳು. ನಾನು ಬೇಡ ಎನ್ನಲಿಲ್ಲ. ಆ ಅಭ್ಯಾಸ ಬೆಳಿಗ್ಗೆಯೇ ಬಿಟ್ಟಿದ್ದೆ.

ಮಗಳ ಹೆಸರಿನ ಕಾರ್ಡು ಬಂದು, ಕೂಸು ಎರಡು ಹೊತ್ತು ಗಟ್ಟಿ ಅನ್ನ ಕಂಡ ಮೇಲೆ ಮತ್ತೆ ಆಸ್ಪತ್ರೆಗೆ ಹೋದೆವು. ನಮ್ಮ ಮುಂದೆ ಒಬ್ಬ ಹುಡುಗಿ ಮಗುವನ್ನು ಎತ್ತಿಕೊಂಡು ಕೂತಿದ್ದಳು. ಡಾಕ್ಟರಮ್ಮ ಅವಳಿಗೆ "ನಿನ್ನೆ ಏನು ಸಾರು?" ಎಂದು ಕೇಳುತ್ತಿದ್ದಳು. ಹುಡುಗಿ ಫ್ಯಾನಿನ ಕಡೆ ನೋಡಿ ಯೋಚಿಸತೊಡಗಿದಳು. ಪಾಪ, ಅಲ್ಲಿ ಬದನೆಕಾಯಿ ಇರುವುದಿಲ್ಲ. ನಾನು ನೋಡಿದ್ದೇನೆ.

ನಮ್ಮ ಸರದಿ ಬಂತು. ಕೂಸು ಮಗಳ ಕೈ ಬಿಡಿಸಿಕೊಂಡು, ಬಾತುಕೋಳಿಯ ಹಾಗೆ ಓಲಾಡುತ್ತಾ, ಬಾಗಿಲಿನಿಂದ ಡಾಕ್ಟರಮ್ಮನ ಮೇಜಿನ ತನಕ ನಡೆದು, ಅಲ್ಲಿದ್ದ ಬಿಸ್ಕತ್ತಿಗೆ ಕೈ ಹಾಕಿತು.

"ಪಾಪ ಬಾಗಾ ತಿಂತಾಳಾ ಅವ್ವಾ?"

"ಎಲ್ಲಿ ತಿಂತಾಳ್ರಿ," ಎಂದೆ ನಾನು. "ಏನೂ ತಿನ್ನಂಗಿಲ್ಲ."

ಡಾಕ್ಟರಮ್ಮ ಕೂಸನ್ನು ತಕ್ಕಡಿಯ ಮೇಲೆ ಕೂರಿಸಿದಳು. ಮುಳ್ಳು ನಿಲ್ಲುವ ತನಕ ನೋಡಿದಳು.

"ಸರಿ," ಎಂದಳು. "ಹೀಗೇ ತಿನ್ನದೇ ಇರಲಿ."