ಸೋಸುವ ಬಟ್ಟೆಯಲ್ಲಿ ಬಂದ ಮೀನು

"ನೀರ ಸೋಸಾಕ ಬರಂಗಿಲ್ಲ, ಇಕಿ ಡಿಗ್ರಿ ತಗೋತಾಳಂತ. ಇಕಿ ಕೈಲೆ ಆಗೂ ಮಾತಲ್ಲ ಬಿಡು" ಎಂದವನು ನಮ್ಮ ಭೂಪಾಲ ಕಾಕಾ. ಅಪ್ಪನ ತಮ್ಮ. ಅಪ್ಪ ಮಾತು ಕಡಿಮೆಯ ಮನುಷ್ಯ, ಹೀಗಾಗಿ ಮನೆಯಲ್ಲಿ ಕಾಕಾ ಹೇಳಿದ್ದೇ ಕಡೆಯ ಮಾತು. ನಾನಾಗ ನಾಲ್ಕನೇ ಇಯತ್ತೆ ಮುಗಿಸಿ ಬೇಸಿಗೆ ರಜೆಯಲ್ಲಿದ್ದೆ.

ಆಗೆಲ್ಲ ಬೇಸಿಗೆ ಎಂದರೆ ನಮಗೆ ಹಳ್ಳ. ಭೋಜ ಎಂಬ ಊರಿನಿಂದ ತುಸು ಆಚೆ ನಮ್ಮೂರು, ಸುತ್ತ ಕಬ್ಬು. ನೀರು ಹಾಯಿಸಿ ಹಾಯಿಸಿ ಭೂಮಿ ಸವಳಾಗಿ, ಹಿತ್ತಲ ಬಾವಿಯ ನೀರು ಬಾಯಿಗಿಡಲಾರದಷ್ಟು ಉಪ್ಪಾಗಿತ್ತು. ಅರಿವೆ ಒಗೆಯಲು ಬಾವಿ, ಕುಡಿಯಲು ಹಳ್ಳದ ಒರತೆ. ಹಳ್ಳ ಒಣಗಿದಂತೆ ಕಂಡರೂ ಉಸುಕನ್ನು ಮೊಳದಷ್ಟು ತೋಡಿದರೆ ಸಾಕು, ತಿಳಿನೀರು ಜಿನುಗಿ ಕುಣಿ ತುಂಬುತ್ತಿತ್ತು. ಅದು ತುಂಬುವ ತನಕ ನಾವು ಹುಡುಗಿಯರು ಪಾದದ ಮೇಲೆ ಹಸಿ ಉಸುಕು ಬಡಿದು ಗುಬ್ಬಿಗೂಡು ಕಟ್ಟುತ್ತಿದ್ದೆವು, ಶೇಂಗಾ ಚಟ್ನಿ ಸವರಿ ಸುರುಳಿ ಸುತ್ತಿದ ರೊಟ್ಟಿ ತಿನ್ನುತ್ತಿದ್ದೆವು. ಹಸಿ ಉಸುಕಿನ ಆ ವಾಸನೆ ಬೆರಳ ಸಂದಿಯಲ್ಲಿ ಮಲಗುವ ತನಕ ಉಳಿಯುತ್ತಿತ್ತು.

ನಮ್ಮದು ಜೈನರ ಮನೆ. ಸೋಸದ ನೀರು ಕುಡಿಯುವಂತಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಿ ಸೋಸುತ್ತಿದ್ದಳು. ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಬಟ್ಟೆಯನ್ನು ಮಗುಚಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಅದಕ್ಕಂಟಿದ ಕಣ್ಣಿಗೆ ಕಾಣದ ಜೀವಗಳನ್ನು ತಂದ ನೀರಿಗೇ ಇಳಿಸಬೇಕು. ಅದಕ್ಕೇ ದಂಡೆಯಲ್ಲೇ ಕುಳಿತು ಸೋಸಬೇಕು.

"ಎಲ್ಲಿಂದ ತಗೊಂಡೀವಿ, ಅಲ್ಲೇ ಬಿಡಬೇಕ ತಂಗಿ" ಎನ್ನುತ್ತಿದ್ದಳು. "ಒಂದ ನೀರಿನ ಜೀವ ಇನ್ನೊಂದ ನೀರಾಗ ಬಾಳಂಗಿಲ್ಲ."

ಆ ದಿನ ಆಯಿಗೆ ಮೊಳಕಾಲು ನೋವು, ನಾನೊಬ್ಬಳೇ ಹೋಗಿದ್ದೆ. ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಮನೆಯಲ್ಲಿ ಸೋಸಿದರಾಯಿತು ಎಂದು ಕೊಡ ತುಂಬಿಕೊಂಡು ಬಂದುಬಿಟ್ಟೆ. ಇಳಿಹೊತ್ತಿಗೆ ಪಡಸಾಲೆಯಲ್ಲಿ ಆಯಿ ಬಟ್ಟೆ ಹಾಸಿ ಸುರಿದಾಗ ಅದರ ಮೇಲೊಂದು ಮೀನು ಮಿಸುಕಾಡಿತು. ಬೆರಳುದ್ದ, ಉಸುಕಿನದೇ ಬಣ್ಣ, ಬೆನ್ನಿಗೆ ಕಪ್ಪು ಪಟ್ಟೆ, ಬಾಯಿಯ ಸುತ್ತ ಪುಟ್ಟ ಮೀಸೆ. ಅದಕ್ಕೆ ನಮ್ಮೂರಲ್ಲಿ ಹೆಸರೇ ಇರಲಿಲ್ಲ. ಉಸುಕಿನಲ್ಲಿ ಹೂತುಕೊಂಡಿರುತ್ತದೆ ಎಂದು ಆಯಿ ಮಾತ್ರ ಅದನ್ನು ಉಸುಕಿನ ಕೂಸು ಎನ್ನುತ್ತಿದ್ದಳು.

ಉಣ್ಣುತ್ತ ಕುಳಿತಿದ್ದ ಕಾಕಾ ಡಿಗ್ರಿಯ ಮಾತು ಆಡಿದ್ದು ಆಗಲೇ. ಡಿಗ್ರಿ ಮಾಡುತ್ತೇನೆ ಎಂದು ಹಿಂದಿನ ದಿನವಷ್ಟೇ ನಾನು ಬಾಯಿ ಬಿಟ್ಟಿದ್ದೆ. "ಅದನ್ನ ಬಾವ್ಯಾಗ ಒಗದ ಬಾ ಹೋಗ" ಎಂದೂ ಸೇರಿಸಿದ.

"ಸವಳ ನೀರಾಗ ಬಿಟ್ಟ ಕೊಲ್ಲಂತೀಯೇನ ಭೂಪಾಲಾ?" ಎಂದ ಆಯಿ ಮೀನನ್ನು ತಂಬಿಗೆಗೆ ಇಳಿಸಿ, ಕೋಲು ಹಿಡಿದು ಎದ್ದಳು. ಅವಳದು ಹೊತ್ತು ಮುಳುಗುವುದರೊಳಗೆ ಊಟ. ಆಮೇಲೆ ಹನಿ ನೀರನ್ನೂ ಮುಟ್ಟುವವಳಲ್ಲ. ಉಂಡು ಹೋಗೋಣ ಎಂದು ನಾನೆಂದರೂ ಕೇಳಲಿಲ್ಲ. "ನನ್ನ ಹೊಟ್ಟಿ ನಾಳಿಗೂ ಇರತೈತಿ. ಅದರ ಉಸಿರ ಇರತೈತೇನ?" ಕಾಕಾ ಮೋಟಾರ್‌ಸೈಕಲ್ ಮೇಲೆ ದಾರಿಯಲ್ಲಿ ನಮ್ಮನ್ನು ದಾಟಿಕೊಂಡು ಮುಂದೆ ಹೋದ.

ಹೋಗಿ ನೋಡಿದರೆ ನಮ್ಮ ಒರತೆ ಇರಲಿಲ್ಲ. ಅದಿದ್ದಲ್ಲಿ ಎಮ್ಮೆ ಮುಳುಗುವಷ್ಟು ದೊಡ್ಡ ಗುಂಡಿ, ಒಳಗೆ ರಾಡಿ. ಪಕ್ಕದಲ್ಲಿ ಟ್ರ್ಯಾಕ್ಟರ್, ಆಳುಗಳು ಬುಟ್ಟಿಯಲ್ಲಿ ಉಸುಕು ತುಂಬುತ್ತಿದ್ದರು. ದಂಡೆಯ ಮೇಲೆ ನಿಂತು ಕೆಲಸ ಹೇಳುತ್ತಿದ್ದವನು ಕಾಕಾ. ನಮ್ಮ ಹೊಸ ಮನೆಯ ಗೋಡೆಗಳಿಗೆ ಆಗ ಸಿಮೆಂಟಿಗೆ ಇದೇ ಉಸುಕು ಕಲಸಿ ಗಿಲಾವಾ ಬಳಿಯುತ್ತಿದ್ದರು.

"ಭೂಪಾಲಾ, ಇದರ ಮನಿ ಎಲ್ಲಿ ಒಯ್ಯಾಕತ್ತಿ?" ತಂಬಿಗೆ ತೋರಿಸಿ ಕೇಳಿದಳು ಆಯಿ.

ಆಳುಗಳು ನಕ್ಕರು. ಕಾಕಾನೂ ನಕ್ಕ. "ಮೀನಕ್ಕ ಮನಿ ಬಿಟ್ಟಕೊಟ್ಟ ನಾವ ಎಲ್ಲಿರೂದವ್ವಾ, ತಂಬಿಗ್ಯಾಗ?"

ಆಯಿ ನನ್ನ ಭುಜ ಹಿಡಿದು ಹಳ್ಳದಲ್ಲೇ ಮೇಲಕ್ಕೆ ನಡೆದಳು. ಬಹಳ ದೂರ ಹೋದ ಮೇಲೆ ಹುಣಸೆಮರದ ಕೆಳಗೊಂದು ಮಡು ಸಿಕ್ಕಿತು, ತಿಳಿನೀರು, ಯಾರೂ ಮುಟ್ಟದ ಉಸುಕು. ತಂಬಿಗೆ ಬಗ್ಗಿಸಿದಳು. ಮೀನು ಒಂದು ಗಳಿಗೆ ನಿಂತು, ತಲೆ ಕೆಳಗೆ ಮಾಡಿ ಉಸುಕಿನೊಳಗೆ ಹೋಗಿಬಿಟ್ಟಿತು. "ತಂದಲ್ಲಿ ಬಿಡಾಕ ಆಗಲಿಲ್ಲ" ಎಂದಳು ಆಯಿ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಅವಳು ಹಸಿದೇ ಮಲಗಿದಳು, ಅದೇ ಹಳ್ಳದ ಉಸುಕು ರಾಶಿ ಬಿದ್ದಿದ್ದ ಅಂಗಳದ ಪಕ್ಕದಲ್ಲಿ.

ಡಿಗ್ರಿ ನಾನು ತೆಗೆದುಕೊಂಡೆ. ನಮ್ಮ ಮನೆತನದಲ್ಲಿ ನಾನೇ ಮೊದಲಿಗಳು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಚಿಕ್ಕೋಡಿಯ ಬಸ್ಸಿನಲ್ಲಿ ನಿಂತು ಓದಿದ್ದು, ಊರಲ್ಲಿ ಟ್ಯೂಷನ್ ಹೇಳಿದ್ದು, ನೋಡಲು ಬಂದ ಗಂಡುಗಳನ್ನು ಹಾಗೇ ಕಳಿಸಿದ್ದು ಎಲ್ಲ ನನಗೇ ಗೊತ್ತು. ಪ್ರಾಣಿಶಾಸ್ತ್ರ ಆರಿಸಿಕೊಂಡಾಗ ಕಾಕಾ, "ಜೀವ ಕೊಯ್ಯೂ ವಿದ್ಯಾ ನಮ್ಮ ಮಂದಿಗ್ಯಾಕ?" ಎಂದ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಬಂತು. ಅಷ್ಟೊತ್ತಿಗೆ ಅವನಿಗೆ ಉಸುಕಿನದೇ ವ್ಯಾಪಾರ, ಮೂರು ಟ್ರ್ಯಾಕ್ಟರ್. ನೀರು ಮಾತ್ರ ಇವತ್ತಿಗೂ ಸೋಸಿಯೇ ಕುಡಿಯುತ್ತಾನೆ.

ಪಿಎಚ್.ಡಿ.ಗೆ ವಿಷಯ ಹುಡುಕುವಾಗ ಆ ಮೀನು ನೆನಪಾಯಿತು. ಪುಸ್ತಕಗಳಲ್ಲಿ ಲೋಚ್ ಎನ್ನುವ ಗುಂಪಿನದು ಎಂದು ತಿಳಿಯಿತು. ಆದರೆ ನಮ್ಮದರ ಪಟ್ಟೆ ಯಾವ ಚಿತ್ರಕ್ಕೂ ಹೊಂದಲಿಲ್ಲ. ನಮ್ಮ ಒರತೆಯ ಜಾಗದಲ್ಲಿ ಬರೀ ಬಂಡೆ ಉಳಿದಿತ್ತು. ಹುಣಸೆಮರದ ಮಡುವಿಗೆ ಹೋಗಿ ಬಲೆ ಹಾಕಿದೆ. ಇದ್ದವು.

"ಇದು ಗೊತ್ತಿರೋ ಜಾತಿಯ ಮರಿ ಅಷ್ಟೇ" ಎಂದರು ಗೈಡ್. ಮರಿಯಲ್ಲ, ಬೆಳೆದ ಮೀನು ಎಂದು ತೋರಿಸಬೇಕಿತ್ತು. ನೀರಿಗೆ ಲವಂಗದ ಎಣ್ಣೆ ಬಿಟ್ಟರೆ ಮೀನು ನಿದ್ದೆ ಹೋಗುತ್ತದೆ, ಇನ್ನಷ್ಟು ಬಿಟ್ಟರೆ ಏಳುವುದಿಲ್ಲ. ಆಯಿ ಹಲ್ಲುನೋವಿಗೆ ಹತ್ತಿಗೆ ಹಚ್ಚಿ ಇಟ್ಟುಕೊಳ್ಳುತ್ತಿದ್ದ ಆ ಎಣ್ಣೆಯ ವಾಸನೆ ಹಿಂದೆ ಅವಳ ಬಾಯಿಂದ ಬರುತ್ತಿತ್ತು. ಅದೇ ವಾಸನೆಯ ನಡುವೆ ಕುಳಿತು ಒಂದು ಮೀನಿನ ಹೊಟ್ಟೆ ಸೀಳಿದೆ. ಒಳಗೆ ತುಂಬ ತತ್ತಿ. ಗೈಡ್ ಸೂಕ್ಷ್ಮದರ್ಶಕದಲ್ಲಿ ನೋಡಿ ಕೈ ಕುಲುಕಿದರು. ರೆಕ್ಕೆಯ ಕಡ್ಡಿ ಎಣಿಸಿ, ತುಟಿಯ ಮಡಿಕೆ ಬರೆದು, ಬೇರೆ ಹೊಳೆಗಳ ಮೀನುಗಳ ಜೊತೆ ಹೋಲಿಸಿ, ಜಗತ್ತಿಗೆ ಇದು ಹೊಸ ಜಾತಿ ಎಂದು ಸಾಧಿಸಲು ವರ್ಷಗಳೇ ಹಿಡಿದವು. ಕಡೆಗೆ ಅದಕ್ಕೊಂದು ಲ್ಯಾಟಿನ್ ಹೆಸರು ಬಂತು. ಆದರೆ ಲೇಖನ ಅಚ್ಚಾಗುವ ಹೊತ್ತಿಗೆ ಹುಣಸೆಮರದ ಬುಡದಲ್ಲೂ ಟ್ರ್ಯಾಕ್ಟರಿನ ಗಾಲಿಯ ಗುರುತು ಮೂಡಿತ್ತು, ಮರ ಬೇರು ತೋರಿಸುತ್ತ ವಾಲಿತ್ತು. ಆಮೇಲೆ ಎಲ್ಲಿ ಬಲೆ ಹಾಕಿದರೂ ಒಂದೂ ಸಿಗಲಿಲ್ಲ. ಹೊಟ್ಟೆ ತುಂಬ ತತ್ತಿ ಇದ್ದದ್ದು ಅದೊಂದೇ, ಅದನ್ನೂ ನಾನೇ ತಂದಿದ್ದೆ.

ಪಿಎಚ್.ಡಿ. ಸರ್ಟಿಫಿಕೇಟ್ ಹಿಡಿದು ಮನೆಗೆ ಬಂದಾಗ ಬಾಗಿಲಲ್ಲಿ ನನ್ನ ಫೋಟೋದ ದೊಡ್ಡ ಫ್ಲೆಕ್ಸ್ ಇತ್ತು. ಹಾಕಿಸಿದವನು ಕಾಕಾ. ಬಂದವರಿಗೆಲ್ಲ ಪೇಢಾ ಹಂಚುತ್ತ, "ಇಕಿ ಸಣ್ಣಾಕಿ ಇದ್ದಾಗನ ನಾ ಹೇಳಿದ್ನಿ" ಎನ್ನುತ್ತಿದ್ದ.

"ಏನ ಹೇಳಿದ್ರಿ ಕಾಕಾ?" ಎಂದೆ.

"ಈಗ ಅದೆಲ್ಲಾ ಯಾಕ ಬಿಡ ರಾಜೀ. ಪೇಢಾ ತಗೋ."

ಆಯಿಗೆ ಈಗ ಕಣ್ಣು ಮಂಜು. ಸರ್ಟಿಫಿಕೇಟನ್ನು ಅವಳ ಕೈಗೇ ಕೊಟ್ಟೆ. ಕಾಗದದ ಮೇಲೆ ಅಂಗೈ ಆಡಿಸಿದಳು.

"ಆ ಉಸುಕಿನ ಕೂಸಿಂದೇನ ಇದು?"

"ಹೂಂ ಆಯಿ. ಅದರ ಮ್ಯಾಲೆ ಬರದದ್ದಕ್ಕ ಕೊಟ್ಟಾರ."

"ಅದೆಲ್ಲೈತಿ ಈಗ?"

"ಬಾಟಲಿಯೊಳಗ ಐತಿ. ದೊಡ್ಡ ಊರಾಗ, ಕಪಾಟದಾಗ ಇಟ್ಟಾರ."

"ಜೀವ ಐತೇನ?"

"ಇಲ್ಲ."

"ಹಳ್ಳದಾಗರ ಅದಾವಿಲ್ಲ?"

ನಾನು ಕಾಕಾನ ಕಡೆ ನೋಡಿದೆ. ಅವನು ಮೊಬೈಲು ನೋಡುತ್ತಿದ್ದ. ಆಯಿ ಕಾಗದವನ್ನು ಅವನತ್ತ ಚಾಚಿದಳು.

"ತಗೋ ಭೂಪಾಲಾ. ಇದನ್ನ ಈ ಗ್ವಾಡಿಗೆ ಹಾಕು. ಅದರ ಉಸುಕು ಇಲ್ಲೇ ಐತಿ. ಎಲ್ಲಿಂದ ತಗೊಂಡೀವಿ, ಅಲ್ಲೇ ಬಿಡಬೇಕು."